ಕಡ್ಡಾಯ ಸೇನೆ ಬಂದರೆ ಯಾರ ಮಗ ಹೋಗುತ್ತಾನೆ?

ಗಡಿಯಲ್ಲಿ ಗುಂಡು ಹಾರಿದಾಗಲೆಲ್ಲ ಪೇಟೆಯಲ್ಲಿ ಒಂದು ಮಾತು ಏಳುತ್ತದೆ. 2025ರ ಮೇ ತಿಂಗಳ ಆ ನಾಲ್ಕು ದಿನಗಳಲ್ಲೂ ಎದ್ದಿತು. 'ಇಸ್ರೇಲಿನ ಹಾಗೆ ನಮ್ಮಲ್ಲೂ ಪ್ರತಿಯೊಬ್ಬ ಹುಡುಗನಿಗೂ ಎರಡು ವರ್ಷ ಸೈನ್ಯ ಕಡ್ಡಾಯ ಮಾಡಬೇಕು. ಆಗ ಶಿಸ್ತು ಬರುತ್ತೆ, ದೇಶ ಉದ್ಧಾರ ಆಗುತ್ತೆ' ಎಂಬ ಮಾತು. ಈ ಮಾತಾಡುವವರನ್ನು ಒಂದಿಷ್ಟು ಗಮನಿಸಿ ನೋಡಿ. ಬಹುಪಾಲು ಐವತ್ತು ದಾಟಿದವರು, ಯಾವ ಕಾಯಿದೆ ಬಂದರೂ ತಾವು ಹೋಗಬೇಕಾಗಿಲ್ಲದವರು. ಅವರ ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿದರೆ ಮಾತು ಬೇರೆ ಕಡೆಗೆ ತಿರುಗುತ್ತದೆ.

ಇಂಥ ಕಾಯಿದೆ ಇವತ್ತು ನಮ್ಮಲ್ಲಿಲ್ಲ. ನಾಳೆಯೇ ಬರುತ್ತದೆಂದೂ ನಾನು ಹೇಳುತ್ತಿಲ್ಲ. ಆದರೆ ಬಂದರೆ ಏನಾಗುತ್ತದೆ ಎಂದು ಕೂತು ಲೆಕ್ಕ ಹಾಕುವುದು ರೈತರಿಗೆ ಅಗತ್ಯ. ಆ ಲೆಕ್ಕ ಹಾಕಿದಾಗ ನಮ್ಮ ಸಾಲದ ಲೆಕ್ಕವೂ ಅದರೊಳಗೇ ಸಿಕ್ಕುತ್ತದೆ.

ಮೊನ್ನೆ ಸಂತೆ ಮುಗಿಸಿ ಅರಳಿಕಟ್ಟೆಯಲ್ಲಿ ಕೂತಿದ್ದಾಗ ನಾನೇ ಈ ಪ್ರಶ್ನೆ ಎತ್ತಿದೆ. 'ನಾಳೆ ಬೆಳಿಗ್ಗೆ ಮನೆಗೊಬ್ಬ ಹುಡುಗ ಮಿಲ್ಟ್ರಿಗೆ ಬರಬೇಕು ಅಂತ ಸರ್ಕಾರ ಕಾಗದ ಕಳಿಸಿದ್ರೆ ಏನ್ ಮಾಡ್ತೀರಿ?'

ಎರಡೂವರೆ ಎಕರೆ ಖುಷ್ಕಿಯವನು, ಸೊಸೈಟಿಯಲ್ಲೂ ಬಾಕಿ, ಖಾಸಗಿಯಲ್ಲೂ ಬಾಕಿ ಇರುವವನು, ತಡ ಮಾಡದೆ ಹೇಳಿದ: 'ಕಳಿಸ್ತೀನಣ್ಣ. ಒಬ್ಬನ್ನೇನು, ಇಬ್ರನ್ನೂ ಕಳಿಸ್ತೀನಿ. ಈಗ ಅವನೇ ಓಡಿ ಓಡಿ ಕಾಲು ಊದಿಸ್ಕೊಂಡು ವಾಪಸ್ ಬರ್ತಾನೆ. ಕಡ್ಡಾಯ ಆದ್ರೆ ಅವರೇ ಕರ್ಕೊಂಡು ಹೋಗ್ತಾರಲ್ಲ. ತಿಂಗಳಿಗೆ ಸಂಬಳ ಬತ್ತದಲ್ಲ.'

ಸೊಪ್ಪು ಮಾರಿ ಬುಟ್ಟಿ ಮಗುಚಿಟ್ಟುಕೊಂಡು ಕೂತಿದ್ದ ಒಬ್ಬ ತಾಯಿ ಕೇಳಿದಳು: 'ನನಗಿರೋನು ಒಬ್ಬ. ಅವನು ಹೋದ್ರೆ ಹೊಲಕ್ಕೆ ಹೋಗೋರು ಯಾರು, ಸಾಲ ಕಟ್ಟೋರು ಯಾರು? ಸರ್ಕಾರ ಬಂದು ಉಳ್ತದಾ?'

ಕೂಲಿ ಮಾಡುವವನೊಬ್ಬ ಬೀಡಿ ಆರಿಸಿ ಮೆಲ್ಲಗೆ ಹೇಳಿದ: 'ಮೊದ್ಲು ದೊಡ್ಡೋರ ಮನೆ ಹುಡುಗ್ರು ಹೋಗ್ಲಿ, ಆಮೇಲೆ ನಮ್ಮೋರು ಹೋಗ್ತಾರೆ. ಆದ್ರೆ ಅವರು ಹೋಗಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು.'

ಈ ಮೂರು ಮಾತಿನಲ್ಲಿ ಇಡೀ ವಿಷಯ ಇದೆ. ದೇಶ ಬೇಡ ಎಂದವರು ಅಲ್ಲಿ ಒಬ್ಬರೂ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ಹೊಲ, ತಮ್ಮ ಸಾಲ, ತಮ್ಮ ಕೇರಿ ಇವುಗಳ ಮೇಲೆ ನಿಂತು ಉತ್ತರ ಕೊಟ್ಟರು.

ಕಡ್ಡಾಯ ಎಂದರೆ ಎಲ್ಲರಿಗೂ ಅಲ್ಲ

ಮೊದಲು ಒಂದು ಸಣ್ಣ ಲೆಕ್ಕ. ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಕೋಟಿಗೂ ಮೇಲ್ಪಟ್ಟು ಹುಡುಗರು ಹದಿನೆಂಟು ದಾಟುತ್ತಾರೆ. 2022ರಲ್ಲಿ ಅಗ್ನಿಪಥ ಯೋಜನೆ ಶುರುವಾದಾಗ ಆ ವರ್ಷ ತೆಗೆದುಕೊಳ್ಳುತ್ತೇವೆ ಎಂದದ್ದು 46,000 ಮಂದಿಯನ್ನು. ಅಂದರೆ ಇನ್ನೂರು ಹುಡುಗರಿಗೆ ಒಬ್ಬನೂ ಬೇಕಾಗಿಲ್ಲ. ಇದರ ಹತ್ತರಷ್ಟು ಜನರನ್ನು ಕಡ್ಡಾಯವಾಗಿ ಎಳೆದುಕೊಂಡರೂ ನೂರಕ್ಕೆ ತೊಂಬತ್ತೈದು ಹುಡುಗರು ಮನೆಯಲ್ಲೇ ಉಳಿಯುತ್ತಾರೆ. ಹಾಗಾದರೆ ಕೇಳಬೇಕಾದ ಪ್ರಶ್ನೆ 'ಯಾರು ಹೋಗಬೇಕು' ಎನ್ನುವುದಲ್ಲ, 'ಯಾರನ್ನು ಬಿಡಬೇಕು' ಎನ್ನುವುದು. ಬಿಡುವ ಪಟ್ಟಿಯನ್ನು ಬರೆಯುವವರು ಯಾರು?

ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಪಟ್ಟಿಗಳು ಹೇಗೆ ತಯಾರಾಗುತ್ತವೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಬೆಳೆ ಹಾನಿಯ ಪರಿಹಾರದ ಪಟ್ಟಿ ನೋಡಿದ್ದೇವೆ. ಪಡಿತರ ಚೀಟಿಯ ಪಟ್ಟಿ ನೋಡಿದ್ದೇವೆ. ಮನೆ ಕೊಡುವ ಪಟ್ಟಿ ನೋಡಿದ್ದೇವೆ. ಏನಾದರೂ ಕೊಡುವ ಪಟ್ಟಿಯಲ್ಲಿ ಬಡವನ ಹೆಸರು ಬಿಟ್ಟು ಹೋಗುತ್ತದೆ. ಕಿತ್ತುಕೊಳ್ಳುವ ಪಟ್ಟಿಯಲ್ಲಿ ಮೊದಲು ಬರುತ್ತದೆ. ಸೈನ್ಯದ ಪಟ್ಟಿ ಮಾತ್ರ ದೇವರೇ ಕೂತು ಬರೆಯುತ್ತಾನೆಯೇ?

ಬೇರೆ ದೇಶಗಳಲ್ಲಿ ಏನಾಯಿತು ನೋಡಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ 1863ರಲ್ಲಿ ಕಡ್ಡಾಯ ಭರ್ತಿಯ ಕಾಯಿದೆ ತಂದರು. 300 ಡಾಲರ್ ಕಟ್ಟಿದವನು, ಇಲ್ಲವೆ ತನ್ನ ಬದಲಿಗೆ ಇನ್ನೊಬ್ಬನನ್ನು ಕೊಟ್ಟವನು ಮನೆಯಲ್ಲಿರಬಹುದು ಎಂದು ಕಾಯಿದೆಯೇ ಹೇಳಿತು. ಕೂಲಿಯವನಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ನಗರ ಹೊತ್ತಿ ಉರಿಯಿತು. ಅದರಲ್ಲೂ ನೀಚತನ ನಡೆಯಿತು. ಸರ್ಕಾರದ ಮೇಲಿನ ಸಿಟ್ಟನ್ನು ಬಿಳಿಯ ಕೂಲಿಗಳು ತಮಗಿಂತ ದುರ್ಬಲರಾದ ಕರಿಯರ ಮೇಲೆ ತೀರಿಸಿಕೊಂಡರು, ಕೊಂದರು. ಮೇಲಿನಿಂದ ಬಿದ್ದ ಏಟನ್ನು ಕೆಳಗಿನವನಿಗೆ ದಾಟಿಸುವ ಚಾಳಿ ನಮ್ಮಲ್ಲಿಲ್ಲವೆಂದು ಎದೆ ತಟ್ಟಿ ಹೇಳುವ ಹಾಗಿಲ್ಲ.

ನೂರು ವರ್ಷ ಕಳೆದ ಮೇಲೆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ದುಡ್ಡು ಕಟ್ಟುವ ಪದ್ಧತಿ ಹೋಗಿ ಕಾಲೇಜು ಬಂತು. ಕಾಲೇಜಿನಲ್ಲಿ ಓದುತ್ತಿದ್ದವನಿಗೆ ವಿನಾಯಿತಿ. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಊರೂರಿನ ಸಮಿತಿಗಳು. ಕೊನೆಗೆ ಜನ ತಿರುಗಿಬಿದ್ದರು, ಕರೆದ ಕಾಗದಗಳನ್ನು ಸುಟ್ಟರು. ಕುಸ್ತಿಯ ಕಣದಂಥದೇ ಬಾಕ್ಸಿಂಗ್ ಕಣದ ಜಗಜಟ್ಟಿ ಮಹಮದ್ ಅಲಿ 1967ರಲ್ಲಿ ನಾನು ಬರುವುದಿಲ್ಲ ಎಂದು ನಿಂತು ತನ್ನ ಪಟ್ಟವನ್ನೇ ಕಳೆದುಕೊಂಡ. 1969ರ ಡಿಸೆಂಬರ್ 1ರಂದು ಹುಟ್ಟಿದ ತಾರೀಖಿನ ಚೀಟಿ ಎತ್ತುವ ಪದ್ಧತಿ ತಂದರು. 1973ರಲ್ಲಿ ಕಡ್ಡಾಯವನ್ನೇ ನಿಲ್ಲಿಸಿದರು.

ಅದೇ ದೇಶದಿಂದ ನಾವು ಕಲಿಯಬೇಕಾದ ಒಂದು ಒಳ್ಳೆಯ ಮಾತೂ ಇದೆ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಹೊಲದ ಕೆಲಸಕ್ಕೆ ಬೇಕೇ ಬೇಕಾದವರನ್ನು ಸೈನ್ಯಕ್ಕೆ ಎಳೆಯಬಾರದೆಂದು ಕಾಯಿದೆಯನ್ನೇ ತಿದ್ದಿದರು. ಅನ್ನ ಬೆಳೆಯುವುದೂ ಯುದ್ಧದ ಕೆಲಸವೇ ಎಂದು ಒಪ್ಪಿಕೊಂಡರು. ನಮ್ಮಲ್ಲಿ ಆ ಮಾತು ಘೋಷಣೆಯಲ್ಲಿದೆ. 1965ರಲ್ಲಿ ಶಾಸ್ತ್ರಿಯವರು 'ಜೈ ಜವಾನ್ ಜೈ ಕಿಸಾನ್' ಎಂದರು. ಅದೇ ವರ್ಷ ಕೃಷಿ ಬೆಲೆ ಆಯೋಗವೂ ಹುಟ್ಟಿತು. ಜವಾನನ ಸಂಬಳಕ್ಕೆ ಒಂದಾದ ಮೇಲೊಂದು ವೇತನ ಆಯೋಗ ಬಂದು ಅದರ ಮಾತು ನಡೆಯಿತು. ಕಿಸಾನನ ಆಯೋಗ ಶಿಫಾರಸು ಮಾಡಿದ ಬೆಲೆಗೆ ಕಾನೂನಿನ ಬಲ ಮಾತ್ರ ಬರಲಿಲ್ಲ. ಜೈಕಾರ ಇಬ್ಬರಿಗೂ ಸಮ. ಬೆಲೆ ಸಮವೇ?

ಕಂದಾಯಕ್ಕೆ ಗಾಡಿ ಕೊಟ್ಟವರು ಭರ್ತಿಗೆ ಕೊಡಲಿಲ್ಲ

ಸೈನ್ಯಕ್ಕೆ ಬಾ ಎಂದರೆ ನಮ್ಮ ದೇಶದ ರೈತ ಏನೆನ್ನುತ್ತಾನೆ ಎಂಬುದಕ್ಕೆ ಊಹೆ ಬೇಕಾಗಿಲ್ಲ, ಚರಿತ್ರೆಯಿದೆ. 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಬೆಳೆ ಕೆಟ್ಟಿತ್ತು. ಸರ್ಕಾರ ಕಂದಾಯ ಬಿಡಲಿಲ್ಲ. ಗಾಂಧೀಜಿ, ವಲ್ಲಭಭಾಯಿ ಪಟೇಲರು ಮುಂದೆ ನಿಂತು ಕಂದಾಯ ಕಟ್ಟದ ಸತ್ಯಾಗ್ರಹ ನಡೆಸಿದರು. ರೈತರು ಊಟ ಹಾಕಿದರು, ಕೇಳದೆಯೇ ಗಾಡಿ ಕಟ್ಟಿ ಕೊಟ್ಟರು, ಒಬ್ಬ ಸ್ವಯಂಸೇವಕ ಬೇಕೆಂದರೆ ಇಬ್ಬರು ಬಂದರು.

ಅದಾಗಿ ಕೆಲವೇ ದಿನಗಳಿಗೆ ಗಾಂಧೀಜಿ ಅದೇ ಹಳ್ಳಿಗಳಿಗೆ ಮತ್ತೆ ಹೋದರು. ಈ ಸಲ ಕೇಳಿದ್ದು ಬ್ರಿಟಿಷರ ಯುದ್ಧಕ್ಕೆ ಸೈನಿಕರನ್ನು. ಆಗ ಏನಾಯಿತೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಬಾಡಿಗೆ ಕೊಡುತ್ತೇವೆಂದರೂ ಗಾಡಿ ಸಿಗಲಿಲ್ಲ. ಬುತ್ತಿ ಕಟ್ಟಿಕೊಂಡು ದಿನಕ್ಕೆ ಇಪ್ಪತ್ತು ಮೈಲಿ ನಡೆಯಬೇಕಾಯಿತು. ಅಹಿಂಸೆ ಹೇಳುವ ನೀವೇ ಕೋವಿ ಹಿಡಿ ಎನ್ನುತ್ತೀರಲ್ಲ, ಈ ಸರ್ಕಾರ ನಮಗೇನು ಮಾಡಿದೆ ಎಂದು ಜನ ಮುಖಕ್ಕೇ ಕೇಳಿದರು. ಬೈಯಲಿಲ್ಲ, ಕಲ್ಲು ಹೊಡೆಯಲಿಲ್ಲ. ಗಾಡಿ ಕಟ್ಟಲಿಲ್ಲ, ಅಷ್ಟೆ.

ಈ ಘಟನೆಯನ್ನು ನಾವು ಮರೆಯಬಾರದು. ಅವರು ಹೇಡಿಗಳಲ್ಲ; ಜಪ್ತಿಗೆ ಹೆದರದೆ ನಿಂತವರು. ಗಾಂಧೀಜಿಯನ್ನು ಕೈಬಿಟ್ಟವರೂ ಅಲ್ಲ. ಬೆಳೆ ಕೆಟ್ಟ ವರ್ಷ ಕಂದಾಯ ಬಿಡದ ಸರ್ಕಾರಕ್ಕೆ ಮಗನನ್ನು ಏಕೆ ಕೊಡಬೇಕು ಎಂಬ ನೇರವಾದ ಲೆಕ್ಕ ಅವರದು.

ಅದೇ ಹೊತ್ತಿನಲ್ಲಿ ಪಂಜಾಬಿನಲ್ಲಿ ಇನ್ನೊಂದು ಬಗೆ ನಡೆಯಿತು. ಭಾರತೀಯರಿಗೆ ಕಡ್ಡಾಯ ಭರ್ತಿಯ ಕಾಯಿದೆ ಇರಲೇ ಇಲ್ಲ. ಆದರೂ ಯುದ್ಧದ ಕೊನೆಯ ವರ್ಷಗಳಲ್ಲಿ ಜಿಲ್ಲೆಗಿಷ್ಟು ತಲೆ, ತಹಸೀಲಿಗಿಷ್ಟು ತಲೆ, ಹಳ್ಳಿಗಿಷ್ಟು ತಲೆ ಎಂದು ಹಂಚಿದರು. ಕಂದಾಯದ ಅಧಿಕಾರಿಗಳೇ ಭರ್ತಿಯ ಅಧಿಕಾರಿಗಳಾದರು. ಜನ ತಪ್ಪಿಸಿಕೊಂಡು ಓಡಿದರು, ಅಲ್ಲಲ್ಲಿ ಗಲಭೆಯೂ ಆಯಿತು. ತಲೆ ತುಂಬಿಸಿಕೊಟ್ಟ ದೊಡ್ಡ ಜಮೀನುದಾರರಿಗೆ ಭೂಮಿ, ಬಿರುದು ಸಿಕ್ಕವು. ಕಾಯಿದೆಯಿಲ್ಲದೆಯೂ ಕಡ್ಡಾಯ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸಾಲವೇ ಭರ್ತಿಯ ಅಧಿಕಾರಿ

ಈಗ ಮತ್ತೆ ಅರಳಿಕಟ್ಟೆಗೆ ಬರೋಣ. 'ಇಬ್ರನ್ನೂ ಕಳಿಸ್ತೀನಿ' ಎಂದ ಎರಡೂವರೆ ಎಕರೆಯವನ ಮಾತು ನನ್ನನ್ನು ರಾತ್ರಿಯೆಲ್ಲ ಕಾಡಿತು. ಅದು ದೇಶಪ್ರೇಮವೇ? ಇರಬಹುದು, ಅವನ ದೇಶಪ್ರೇಮವನ್ನು ಅಳೆಯುವುದಕ್ಕೆ ನಾನ್ಯಾರು? ಆದರೆ ಅವನ ಲೆಕ್ಕ ನೋಡಿ. 2024–25ರ ಹಂಗಾಮಿಗೆ ರಾಗಿಗೆ ಕೇಂದ್ರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಮಳೆ ಕೈಕೊಡದೆ ಎಕರೆಗೆ ಎಂಟು ಕ್ವಿಂಟಲ್ ಬಂದು, ಅಷ್ಟೂ ಖರೀದಿ ಕೇಂದ್ರದಲ್ಲೇ ಹೋದರೆ 34,320 ರೂಪಾಯಿ. ಅದರಲ್ಲಿ ಉಳುಮೆ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆ, ಚೀಲ, ಬಾಡಿಗೆ ಎಲ್ಲ ಕಳೆಯಬೇಕು. ಅಗ್ನಿಪಥ ಶುರುವಾದಾಗ ಅಗ್ನಿವೀರನಿಗೆ ಮೊದಲ ವರ್ಷ ಗೊತ್ತುಮಾಡಿದ ಸಂಬಳ ತಿಂಗಳಿಗೆ 30,000, ಹಿಡಿತ ಹೋಗಿ ಕೈಗೆ 21,000. ಎರಡು ತಿಂಗಳ ಸಂಬಳದ ಮುಂದೆ ಒಂದು ಎಕರೆಯ ಇಡೀ ಬೆಳೆ ಸೋಲುತ್ತದೆ. ಇಂಥ ಲೆಕ್ಕದಲ್ಲಿ ತಂದೆ ಮಗನನ್ನು ಕಳಿಸದೆ ಏನು ಮಾಡಿಯಾನು?

ನಮ್ಮ ಹಳ್ಳಿಗಳಿಗೆ ಕಡ್ಡಾಯ ಸೇನೆ ಎಂದೋ ಬಂದಿದೆ. ಅದರ ಕಾಗದ ದೆಹಲಿಯಿಂದ ಬರುವುದಿಲ್ಲ, ಸೊಸೈಟಿಯ ನೋಟೀಸಾಗಿ ಬರುತ್ತದೆ.

ಇದು ನಮ್ಮ ದೇಶದ್ದೊಂದೇ ಕತೆಯಲ್ಲ. 2022ರ ಸೆಪ್ಟೆಂಬರ್ 21ರಂದು ರಷ್ಯಾದ ಅಧ್ಯಕ್ಷ ಪುಟಿನ್ 3 ಲಕ್ಷ ಜನರನ್ನು ಯುದ್ಧಕ್ಕೆ ಕರೆಯುವುದಾಗಿ ಸಾರಿದರು. ಕಾಸಿದ್ದವರು ವಿಮಾನ ಹತ್ತಿದರು, ಕಾರಿನಲ್ಲಿ ಜಾರ್ಜಿಯ, ಕಜಕಿಸ್ತಾನದ ಗಡಿಗೆ ಸಾಲುಗಟ್ಟಿದರು. ಬಡ ಪ್ರಾಂತ್ಯವಾದ ದಾಗೆಸ್ತಾನದಲ್ಲಿ ಹೆಂಗಸರು ಬೀದಿಗಿಳಿದು ಪೊಲೀಸರನ್ನು ಎದುರುಹಾಕಿಕೊಂಡರು. ಆ ಅನುಭವದ ಮೇಲೆ ಸರ್ಕಾರ ಬೇರೆ ದಾರಿ ಹಿಡಿಯಿತು. ಯುದ್ಧಕ್ಕೆ ಸಹಿ ಹಾಕಿದರೆ ದೊಡ್ಡ ಗಂಟು ಎಂದಿತು. 2024ರ ನವೆಂಬರಿನಲ್ಲಿ ಇನ್ನೂ ಮುಂದೆ ಹೋಗಿ, ಯುಕ್ರೇನ್ ಯುದ್ಧಕ್ಕೆ ಒಂದು ವರ್ಷದ ಕರಾರಿಗೆ ಸಹಿ ಹಾಕಿದವನ ವಸೂಲಿಗೆ ಬಂದ ಸಾಲವನ್ನು ಒಂದು ಕೋಟಿ ರೂಬಲ್ಲಿನವರೆಗೆ ಮನ್ನಾ ಮಾಡುವ ಕಾಯಿದೆ ಮಾಡಿತು. ನಮ್ಮ ದುಡ್ಡಿನಲ್ಲಿ ಆಗ ಸುಮಾರು 80 ಲಕ್ಷ. ರೈತ ಬಂಧುಗಳೇ, ಈ ಕಾಯಿದೆಯನ್ನು ಎರಡು ಸಲ ಓದಿ. ಸಾಲ ಮನ್ನಾ ಕೇಳಿದರೆ ಬೊಕ್ಕಸ ಬರಿದಾಗುತ್ತದೆ ಎನ್ನುವ ಸರ್ಕಾರಗಳಿಗೆ, ಸಾಯಲು ಹೊರಟವನ ಸಾಲ ಮನ್ನಾ ಮಾಡುವುದಕ್ಕೆ ದುಡ್ಡು ಎಲ್ಲಿಂದಲೋ ಬರುತ್ತದೆ!

ಆ ಯುದ್ಧದ ಬಲೆ ನಮ್ಮ ಕಲಬುರ್ಗಿ ಜಿಲ್ಲೆಯವರೆಗೂ ಚಾಚಿತ್ತು. ಭದ್ರತೆಯ ಕೆಲಸ, ಸಹಾಯಕರ ಕೆಲಸ ಎಂಬ ದಲ್ಲಾಳಿಗಳ ಮಾತು ನಂಬಿ ರಷ್ಯಾಕ್ಕೆ ಹೋದ ಅಲ್ಲಿನ ಕೆಲವು ಯುವಕರು ರಣರಂಗದಲ್ಲಿ ಸಿಕ್ಕಿಕೊಂಡ ಸುದ್ದಿ 2024ರಲ್ಲಿ ಹೊರಬಿತ್ತು. ಯಾರ ಯುದ್ಧ, ಯಾರ ಮಕ್ಕಳು!

ನಾಲ್ಕು ವರ್ಷದ ಮೇಲೇನು?

ಇಲ್ಲೇ ಅಗ್ನಿಪಥದ ಮಾತನ್ನೂ ಮುಗಿಸಬೇಕು. 2022ರ ಜೂನ್ 14ರಂದು ಸಾರಿದ ಈ ಯೋಜನೆಯಲ್ಲಿ ಹುಡುಗನನ್ನು ಹದಿನೇಳೂವರೆಯಿಂದ ಇಪ್ಪತ್ತೊಂದರೊಳಗೆ ತೆಗೆದುಕೊಂಡು, ನಾಲ್ಕು ವರ್ಷ ದುಡಿಸಿ, ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಉಳಿಸಿಕೊಂಡು ಮಿಕ್ಕವರನ್ನು ಸುಮಾರು 11.71 ಲಕ್ಷ ರೂಪಾಯಿ ಕೊಟ್ಟು ಮನೆಗೆ ಕಳಿಸುವುದೆಂದು ಗೊತ್ತುಮಾಡಿದರು. ಪಿಂಚಣಿ ಇಲ್ಲ. ಆ ಗಂಟಿನಲ್ಲೂ ಅರ್ಧ ಅವನ ಸಂಬಳದಿಂದಲೇ ಹಿಡಿದದ್ದು. ಅದನ್ನು ಕೇಳಿ ಬಿಹಾರ, ಉತ್ತರ ಪ್ರದೇಶದಲ್ಲಿ ರೈಲುಗಳು ಉರಿದವು. ಸಿಕಂದರಾಬಾದಿನಲ್ಲಿ ಗುಂಡಿಗೆ ಒಬ್ಬ ಹುಡುಗ ಬಲಿಯಾದ. ಬೆಂಕಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಆದರೆ ಬೀದಿಗೆ ಬಂದವರು ಸೈನ್ಯ ಬೇಡವೆಂದವರಲ್ಲ ಎಂಬುದನ್ನು ಗಮನಿಸಬೇಕು. ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಸೈನ್ಯಕ್ಕೆಂದೇ ಓಡಿ ಅಭ್ಯಾಸ ಮಾಡಿದ ಹುಡುಗರು ಅವರು. ನಮ್ಮ ಜೀವ ತಗೊಳ್ಳಿ, ನಮ್ಮ ಮುಪ್ಪಿಗೂ ಹೊಣೆ ಹೊರಿ ಎಂಬುದು ಅವರ ಬೇಡಿಕೆ.

ಇದು ಹೊಸ ಬೇಡಿಕೆಯೇನೂ ಅಲ್ಲ. ನಮ್ಮ ಹಳ್ಳಿಗಳ ಹೊಲದ ಬದುವಿನಲ್ಲಿ, ಗುಡಿಯ ಹಿಂದೆ ವೀರಗಲ್ಲುಗಳು ನಿಂತಿವೆ. ತುರು ಕಾಯಲು ಹೋಗಿ ಸತ್ತವರು, ಊರಳಿವಿನಲ್ಲಿ ಸತ್ತವರು. ಅವರಲ್ಲಿ ಎಷ್ಟೋ ಮಂದಿಯ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟದ್ದು ಶಾಸನಗಳಲ್ಲಿದೆ. ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು. ಆ ಕಾಲದ ಪಾಳೆಯಗಾರನಿಗೂ, ಅರಸನಿಗೂ ಗೊತ್ತಿದ್ದ ನ್ಯಾಯ ಇದು: ಸತ್ತವನ ಮನೆ ಒಲೆ ಆರಬಾರದು.

ನಮ್ಮ ನಿಲುವು ಏನಿರಬೇಕು?

ಕಡ್ಡಾಯ ಸೇನೆಯ ಕಾಯಿದೆ ಬಂದರೆ ಜನ ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕಾಸಿದ್ದವರು ಮಕ್ಕಳನ್ನು ಹೊರದೇಶಕ್ಕೆ ಕಳಿಸುತ್ತಾರೆ. ನಡುವಿನವರು ಡಾಕ್ಟರ ಚೀಟಿ ತರುತ್ತಾರೆ. ಸಾಲಗಾರ ರೈತ ಮಗನನ್ನು ತಾನೇ ಬಸ್ಸು ಹತ್ತಿಸಿ ಬರುತ್ತಾನೆ. ಕೂಲಿಯವನ ಮಗನನ್ನು ಕೇಳುವವರೇ ಇರುವುದಿಲ್ಲ. ನಮ್ಮವರೂ ಇದರಲ್ಲಿ ಪಾಲುಗಾರರಾಗುತ್ತೇವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಮನೆಗೊಬ್ಬ ಎಂದು ಬಂದರೆ, ನೀರಾವರಿ ಜಮೀನಿನವನು ತನ್ನ ಮಗನ ಬದಲು ಆಳಿನ ಮಗನ ಹೆಸರು ಬರೆಸಲು ನೋಡುತ್ತಾನೆ. ಕೂಲಿಯವನು ಬೀಡಿ ಆರಿಸಿ ಹೇಳಿದ ಮಾತು ಪೇಟೆಯವರಿಗೆ ಮಾತ್ರ ಹೇಳಿದ್ದಲ್ಲ, ನಮಗೂ ಹೇಳಿದ್ದು.

ಸಂವಿಧಾನದ 23ನೆಯ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆ. ಆದರೆ ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಕಡ್ಡಾಯ ಸೇವೆ ಹೇರಬಹುದೆಂದೂ, ಹಾಗೆ ಹೇರುವಾಗ ಧರ್ಮ, ಜನಾಂಗ, ಜಾತಿ, ವರ್ಗದ ಕಾರಣಕ್ಕೇ ಭೇದ ಮಾಡಬಾರದೆಂದೂ ಅದೇ ವಿಧಿ ಹೇಳುತ್ತದೆ. ಅಂದರೆ ಬಾಗಿಲು ತೆರೆದೇ ಇದೆ. 1972ರಲ್ಲಿ ಸಂಸತ್ತು ರಾಷ್ಟ್ರೀಯ ಸೇವಾ ಕಾಯಿದೆಯೊಂದನ್ನು ಮಾಡಿತ್ತು. ಮೂವತ್ತು ದಾಟದ ಎಂಜಿನಿಯರು, ಡಾಕ್ಟರುಗಳನ್ನು ದೇಶದ ಕೆಲಸಕ್ಕೆ ನಾಲ್ಕು ವರ್ಷದವರೆಗೆ ಕರೆಯಬಹುದೆಂದು. ಓದಿದವರ ಮೇಲಿನ ಆ ಕಾಯಿದೆಯ ಹೆಸರನ್ನು ಕಡ್ಡಾಯ ಕಡ್ಡಾಯ ಎಂದು ಕೂಗುವ ಪೇಟೆಯವರ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ.

ಆದ್ದರಿಂದ ರೈತ ಸಂಘಟನೆಗಳು ಈ ವಿಷಯದಲ್ಲಿ ಸುಮ್ಮನೆ ತಲೆ ಆಡಿಸಬಾರದು, ಸುಮ್ಮನೆ ವಿರೋಧಿಸಿಯೂ ಕೂರಬಾರದು. ದೇಶ ಕಾಯುವ ಕೆಲಸಕ್ಕೆ ನಾವು ಎಂದೂ ಹಿಂದೆ ಸರಿದವರಲ್ಲ. ನಮ್ಮ ಮಾತು ಇಷ್ಟಿರಬೇಕು. ಕಡ್ಡಾಯ ಮಾಡುವುದಾದರೆ ಕೈ ಎತ್ತಿ ಓಟು ಹಾಕಿದ ಪ್ರತಿನಿಧಿಗಳ ಮನೆಯಿಂದ ಪಟ್ಟಿ ಶುರುವಾಗಲಿ. ಕರೆದವರ ಹೆಸರನ್ನೂ, ಬಿಟ್ಟವರ ಹೆಸರನ್ನೂ, ಬಿಟ್ಟ ಕಾರಣವನ್ನೂ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಮನೆಯ ಒಬ್ಬನೇ ಉಳುವ ಮಗನನ್ನು ಬಿಡಲಿ, ಅವನು ಯಾವ ಕೇರಿಯವನೇ ಆಗಿರಲಿ. ಹೋದವನ ಮನೆಯ ಸಾಲಕ್ಕೆ ಅವನು ಬರುವವರೆಗೆ ಬಡ್ಡಿ ಓಡಬಾರದು, ಜಪ್ತಿ ಬರಬಾರದು. ಯುದ್ಧದಲ್ಲಿರುವ ಸೈನಿಕನ ಮೇಲಿನ ದಾವೆ ಮುಂದೂಡುವ ಕಾಯಿದೆ 1925ರಲ್ಲೇ ಆಗಿದೆ. ಆದರೆ ಅದು ಸೈನಿಕನಿಗೆ. ನಮ್ಮ ಮನೆಗಳಲ್ಲಿ ಪಹಣಿ ಇರುವುದು ಅಪ್ಪನ ಹೆಸರಿನಲ್ಲಿ, ಸಾಲ ಇರುವುದೂ ಅಪ್ಪನ ಹೆಸರಿನಲ್ಲಿ. ಮಗ ಗಡಿಯಲ್ಲಿ ಕಾವಲು ನಿಂತಿರುವಾಗ ಅಪ್ಪನ ಮನೆ ಬಾಗಿಲಿಗೆ ನೋಟೀಸು ಅಂಟಿಸುವ ದೇಶ ಯಾರ ದೇಶ?

ಎಲ್ಲಕ್ಕಿಂತ ಮೊದಲು, ಬೆಳೆಗೆ ಬೆಲೆ ಕಟ್ಟಲಿ. ಹೊಲದಲ್ಲಿ ಬದುಕಬಲ್ಲ ಹುಡುಗ ಸೈನ್ಯಕ್ಕೆ ಹೋದರೆ ಅದು ಅವನ ಮನಸ್ಸಿನ ಮಾತು. ಬದುಕಲಾರದೆ ಹೋದರೆ ಅದು ಬಲವಂತ, ಕಾಯಿದೆ ಇರಲಿ ಇಲ್ಲದಿರಲಿ.

ಅರಳಿಕಟ್ಟೆಯಿಂದ ಏಳುವಾಗ ಸೊಪ್ಪಿನ ತಾಯಿ ಬುಟ್ಟಿ ತಲೆ ಮೇಲಿಟ್ಟುಕೊಂಡು ಇನ್ನೊಂದು ಮಾತು ಹೇಳಿದಳು: 'ಸರ್ಕಾರದ ಕಾಗದ ಬಂದ್ರೆ ಓದಿ ಹೇಳಪ್ಪ. ಆದ್ರೆ ಸೊಪ್ಪಿಗೆ ಎಷ್ಟು ಕೊಡ್ತಾರೆ ಅಂತಲೂ ಅದ್ರಲ್ಲೇ ಬರ್ದೈತಾ ನೋಡು.' ಸಂಸತ್ತಿನಲ್ಲಿ ಈ ಚರ್ಚೆ ಬಂದ ದಿನ ನಾವು ಕೇಳಬೇಕಾದದ್ದೂ ಅದನ್ನೇ.